ಬಿಂದಿಗೆ ನೀರಿನ ಫೋಟೋ

ಆ ಫೋಟೋ ತೆಗೆದವಳು ನಾನು. ಅದರ ಜೊತೆಗಿನ ದೃಢೀಕರಣವನ್ನು ಬರೆದವಳೂ ನಾನೇ. ಮುಂದೆ ಕೆಲವರ ಹೊಣೆಯನ್ನು ಕೇಳಲಿರುವುದರಿಂದ ನನ್ನ ಪಾಲಿನದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ನನ್ನ ಅಮ್ಮನ ಅಕ್ಕ, ನನಗೆ ದೊಡ್ಡಮ್ಮ, ಮೈಸೂರಿನಿಂದ ದಕ್ಷಿಣಕ್ಕೆ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿಯ ಹಳ್ಳಿಯಲ್ಲಿ ಎರಡು ಎಕರೆ ಹಿಪ್ಪುನೇರಳೆ ಬೆಳೆಯುತ್ತಾಳೆ. ಆ ಸೊಪ್ಪನ್ನು ರೇಷ್ಮೆ ಹುಳುವಿಗೆ ಹಾಕಿ ಗೂಡು ಕಟ್ಟಿಸುತ್ತಾಳೆ. ಜಮೀನು ಅವಳ ಹೆಸರಿನಲ್ಲಿದೆ. ದೊಡ್ಡಪ್ಪ ಮದುವೆ ಮನೆಗಳ ಅಡುಗೆಗೆ ಹೋಗುವವರು. ಹೊಲದ ಮಾತು ಬಂದರೆ "ಅವ್ಳನ್ನೇ ಕೇಳಿ" ಎಂದು ಸೌಟಿನಲ್ಲೇ ದಾರಿ ತೋರಿಸುತ್ತಾರೆ. ಆ ಸೀಮೆಯಲ್ಲಿ ಮಳೆ ಕಡಿಮೆ, ಬೋರಿನಲ್ಲಿ ನೀರು ಅದಕ್ಕಿಂತ ಕಡಿಮೆ. ಕಾಲುವೆ ತೆಗೆದು ಹರಿಸಿದರೆ ಆ ನೀರು ನಾಲ್ಕು ಸಾಲು ದಾಟುವಷ್ಟರಲ್ಲಿ ಇಂಗಿಹೋಗುತ್ತಿತ್ತು. ಹಾಗಾಗಿ ಸರ್ಕಾರದ ಸಹಾಯದಲ್ಲಿ ಹನಿ ನೀರಾವರಿ ಹಾಕಿಸಿಕೊಳ್ಳಬಹುದು ಎಂದು ಗೊತ್ತಾದಾಗ ಅರ್ಜಿ ಬರೆದುಕೊಟ್ಟವಳು ನಾನು. ಆಗ ತಾನೇ ಎಂ.ಎ. ಮುಗಿಸಿದ್ದೆ. ಅರ್ಜಿ ಬರೆಯುವುದು ನನಗೆ ಒಂದು ಬಗೆಯ ಹೋರಾಟದಂತೆ ಕಾಣುತ್ತಿತ್ತು.

ಪೈಪು ಹಾಕುವ ದಿನ ಕಾಗದ ಪತ್ರ ಓದಿ ಹೇಳಲೆಂದು ದೊಡ್ಡಮ್ಮ ನನ್ನನ್ನು ಕರೆಸಿಕೊಂಡಿದ್ದಳು. ಕಂಪನಿಯ ಪರವಾಗಿ ಬಂದ ಫಿಟ್ಟರ್ ಇಬ್ಬರು ಆಳುಗಳ ಜೊತೆ ಬೆಳಗ್ಗೆಯಿಂದ ದುಡಿದ. ಹಳೆಯ ಕಾಲುವೆಗಳನ್ನು ಮುಚ್ಚಿ ನೆಲ ಸಮ ಮಾಡಿಸಿದ. ಸಾಲು ಸಾಲಿಗೂ ಕಪ್ಪು ಪೈಪು ಎಳೆದ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು, ಕರೆಂಟ್ ಮಾತ್ರ ಬರಲಿಲ್ಲ. ಮೋಟರ್ ತಿರುಗಲು ಬೇಕಾದ ತ್ರೀಫೇಸ್ ಕರೆಂಟ್ ಆ ವಾರ ಮಧ್ಯಾಹ್ನದ ಪಾಳಿಯಲ್ಲಿ ಬರಬೇಕಿತ್ತು. ನಾವು ಊಟ ಮಾಡಿ ಕಾದೆವು, ಮಜ್ಜಿಗೆ ಕುಡಿದು ಕಾದೆವು. ಫಿಟ್ಟರ್ ಇನ್ನೊಂದು ಊರಿಗೆ ಹೋಗಬೇಕಿತ್ತು. ಹೋಗುವ ಮುನ್ನ, ನೀರು ಬಿದ್ದು ನೆಲ ಒದ್ದೆಯಾಗಿರುವ ಫೋಟೋವನ್ನು ಹೊಲದಲ್ಲೇ ನಿಂತು ಮೊಬೈಲಿನಿಂದ ಕಳಿಸಬೇಕಿತ್ತು.

"ಅಮ್ಮ, ಇನ್ನೊಂದಿನ ಬತ್ತೀನಿ ಬುಡಿ," ಎಂದ ಅವನು. ಹೇಳುವಾಗಲೇ ಅವನ ಮುಖ ಬಾಡಿತ್ತು.

ದೊಡ್ಡಮ್ಮ ಆಗಲೇ ಸೆರಗು ಸಿಕ್ಕಿಸಿಕೊಂಡಿದ್ದಳು. "ಇನ್ನೊಂದಿನ ಯಾಕಪ್ಪ? ಬೆಳಿಗ್ಗೆ ಮೋಟ್ರಿಗೆ ಪೂಜೆ ಮಾಡಿವ್ನಿ. ಒಸ ನೀರಿನ ಕೆಲ್ಸ ಮಾಡಿದ್ ದಿನ ಗಿಡದ ಬುಡ ಒಣಗಿರ್ಬಾರ್ದು. ಎಂಗಿದ್ರೂ ನೀರ್ ಉಯ್ಯದೇ ಅಲ್ವಾ."

ಅದು ಆ ಊರಿನ ನಡವಳಿಕೆ. ಬಾವಿ ತೆಗೆಯಲಿ, ಬೋರು ಕೊರೆಯಲಿ, ಆ ದಿನ ಸೂರ್ಯ ಮುಳುಗುವ ಮುನ್ನ ಬೆಳೆಯ ಬುಡ ನೆನೆಯಬೇಕು. ಅವಳು ತೊಟ್ಟಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ತಂದು ಮುಂದಿನ ಮೂರು ಸಾಲಿನ ಗಿಡಗಳಿಗೆ ಸುರಿದಳು. ಅಳತೆ ತಪ್ಪದ ಕೈ. ಒಂದೊಂದು ಗಿಡದ ಬುಡದಲ್ಲೂ ರೊಟ್ಟಿ ಹೆಂಚಿನಷ್ಟು ಅಗಲದ ಕಪ್ಪು ವೃತ್ತ ಮೂಡಿತು. ಯಾವ ಪೈಪೂ ಅಷ್ಟು ಚೆಂದವಾಗಿ ಹನಿಸಲಾರದು.

ಫಿಟ್ಟರ್ ಆ ನೆಲವನ್ನು ನೋಡಿದ, ನನ್ನನ್ನು ನೋಡಿದ, ಮೊಬೈಲನ್ನು ನನ್ನ ಕೈಗೆ ಕೊಟ್ಟ. "ಮೇಡಂ, ಅಮ್ಮನ್ನ ಪೈಪಿನ್ ಪಕ್ಕ ನಿಲ್ಸಿ ಒಂದು ತೆಗೆದ್ಬುಡಿ."

ತೆಗೆದೆ. ನಂತರ ನಮೂನೆಯನ್ನು ತುಂಬಿದೆ. "ನೀರು ಬಂದದೆ ಅಂತ ಬರೀರಿ ಸಾಕು," ಎಂದಿದ್ದ ಅವನು. ನನಗೆ ಅದು ಸಾಲದೆನಿಸಿತು. "ವ್ಯವಸ್ಥೆಯನ್ನು ಚಾಲನೆಗೊಳಿಸಿ, ಎಲ್ಲ ಸಾಲುಗಳಲ್ಲಿಯೂ ನೀರು ಸಮನಾಗಿ ಹನಿಯುತ್ತಿರುವುದನ್ನು ಖಚಿತಪಡಿಸಿಕೊಳ್ಳಲಾಗಿದೆ" ಎಂದು ಬರೆದೆ. ದೊಡ್ಡಮ್ಮ ಅದರ ಕೆಳಗೆ ನಿಧಾನವಾಗಿ ರುಜು ಹಾಕಿದಳು. ಸಾಕ್ಷಿಯ ಜಾಗದಲ್ಲಿ ನಾನು ಹಾಕಿದೆ. ಸಂಜೆಯ ಬಸ್ಸಿನಲ್ಲಿ ಮೈಸೂರಿಗೆ ಮರಳುವಾಗ ಆ ವಾಕ್ಯದ ಗಾಂಭೀರ್ಯ ನನಗೆ ಹಿಡಿಸಿತ್ತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮೊದಲ ವರ್ಷ ಎಲ್ಲವೂ ಸರಿಯಾಗಿತ್ತು. ಹೊಲದ ಕೊನೆಯ ಸಾಲಿನವರೆಗೂ ಸೊಪ್ಪು ಅಂಗೈ ಅಗಲ ಬಂತು. ಎರಡನೆಯ ವರ್ಷದ ಸಂಕ್ರಾಂತಿ ಕಳೆದ ಮೇಲೆ ಕಡ್ಡಿ ಕತ್ತರಿಸಿ ಹೊಸ ಚಿಗುರಿಗೆ ಕಾಯುತ್ತಿದ್ದ ಹೊತ್ತಿನಲ್ಲಿ ದೊಡ್ಡಮ್ಮ ಒಂದು ಬೆಳಗ್ಗೆ ಮೈಸೂರಿನ ಶ್ರೀರಾಂಪುರದ ನಮ್ಮ ಮನೆಗೆ ಬಂದಳು. ಚೀಲದಿಂದ ಪೈಪಿನ ತುಂಡುಗಳನ್ನು ತೆಗೆದು, ಅಡುಗೆಮನೆಯಲ್ಲಿ ಕುಳಿತು, ಈಳಿಗೆಮಣೆಯ ಮೇಲೆ ಒಂದನ್ನು ಉದ್ದಕ್ಕೆ ಸೀಳಿದಳು.

"ಅಕ್ಕ, ಅದ್ರದ್ದೂ ಸಾರು ಮಾಡ್ತೀಯಾ? ಬೇಳೆ ಎಷ್ಟಿಡ್ಲಿ?" ಎಂದಳು ಅಮ್ಮ.

"ನಿನ್ ಬೇಳೆ ಬೆಂದಾತು, ಇದು ಬೇಯಕಿಲ್ಲ. ನೋಡಿಲ್ಲಿ."

ಪೈಪಿನ ಒಳಮೈಗೆ ಬಿಳಿಯ ಸುಣ್ಣ ಕಟ್ಟಿತ್ತು, ಸ್ನಾನದ ನೀರು ಕಾಯಿಸುವ ಹಂಡೆಯ ತಳಕ್ಕೆ ಕಟ್ಟುವ ಹಾಗೆ. ಹನಿ ಬೀಳಬೇಕಾದ ತೂತುಗಳಲ್ಲಿ ಮರಳಿನ ಕಣಗಳು ಆ ಸುಣ್ಣಕ್ಕೆ ಸಿಕ್ಕಿಕೊಂಡು ಗಾರೆಯಂತೆ ಗಟ್ಟಿಯಾಗಿದ್ದವು. ಮೊದಲು ಕೊನೆಯ ಸಾಲುಗಳು ನಿಂತವು, ಆಮೇಲೆ ನಡುವಿನವು. ಕೂಲಿಗೆ ಬಂದ ಹೆಂಗಸರು ಸೆರಗಿನ ಪಿನ್ನು ತೆಗೆದು ತೂತು ಚುಚ್ಚಿ ನೋಡಿದರು. ಚುಚ್ಚಿದಲ್ಲಿ ನೀರು ಚಿಮ್ಮಿತು, ಮುಂದಿನ ಗಿಡಕ್ಕೆ ಇದ್ದದ್ದೂ ಹೋಯಿತು. ಬೇಸಿಗೆಯಲ್ಲಿ ಬಾಯಾರಿದ ಅಳಿಲುಗಳು ಬೇರೆ ಪೈಪು ಕಡಿಯುತ್ತಿದ್ದವು.

"ಅಳಿಲಿಗೂ ಗೊತ್ತು ಅದ್ರೊಳ್ಗೆ ನೀರದೆ ಅಂತ," ಎಂದಳು ದೊಡ್ಡಮ್ಮ. "ಗಿಡುಕ್ಕೇ ಗೊತ್ತಿಲ್ಲ."

ಅವಳ ಆತಂಕ ಇದ್ದದ್ದು ಒಂದೇ ವಿಷಯಕ್ಕೆ. ಯುಗಾದಿಯ ನಂತರದ ಬೆಳೆಗೆ ಅವಳು ಚಾಕಿ ಕೇಂದ್ರದಲ್ಲಿ ಹುಳು ಹೇಳಿಟ್ಟಿದ್ದಳು. ಮೊಟ್ಟೆಯೊಡೆದ ಮರಿಗಳನ್ನು ಮೊದಲ ಎರಡು ಜ್ವರ ಕಳೆಯುವವರೆಗೆ ಸಾಕಿ ರೈತರಿಗೆ ಕೊಡುವ ಜಾಗ ಅದು. ಹುಳು ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಹುಳುವಿನ ಹಸಿವು ಹಗಲು ರಾತ್ರಿ ನೋಡುವುದಿಲ್ಲ, ಆಗ ಸೊಪ್ಪು ಸಾಲದಿದ್ದರೆ ಅಷ್ಟು ದಿನದ ಸಾಕಣೆಯೆಲ್ಲ ವ್ಯರ್ಥ. ಯುಗಾದಿಗೆ ಹತ್ತು ದಿನ ಮುಂಚೆ ಕೇಂದ್ರದವರಿಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು. ಅಷ್ಟರೊಳಗೆ ಪೈಪು ಸರಿಯಾದರೆ ಸೊಪ್ಪು, ಸೊಪ್ಪಾದರೆ ಹುಳು.

"ಫಿಟ್ಟರ್‌ಗೆ ಫೋನ್ ಮಾಡಿದ್ಯಾ ದೊಡ್ಡಮ್ಮ?"

"ಮಾಡ್ದೆ ಮಗ. ಪೈಪಿಗೆ ಆಸಿಡ್ ಬುಡಿ, ಎಲ್ಲಾ ಕರಗೋಯ್ತದೆ ಅಂದ. ಆ ಸೊಪ್ಪು ತಿಂದ್ ಉಳ ಸತ್ರೆ ಅಂದೆ. ಅದು ನಮ್ ಸಬ್ಜೆಕ್ಟ್ ಅಲ್ಲ ಅಂದ್ಬುಟ್ಟ."

ಅವಳ ಹೆದರಿಕೆಯನ್ನು ಅಜ್ಞಾನ ಎನ್ನುವವರು ಒಮ್ಮೆ ಹುಳುಮನೆಯನ್ನು ನೋಡಬೇಕು. ಹುಳು ಮೇಯುವ ದಿನಗಳಲ್ಲಿ ದೊಡ್ಡಮ್ಮ ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕುವುದಿಲ್ಲ. ಊದುಬತ್ತಿ ಹಚ್ಚುವುದಿಲ್ಲ. ತಲೆಗೆ ವಾಸನೆಯೆಣ್ಣೆ ಹಚ್ಚಿ ಹೋದ ನನ್ನನ್ನು ಒಮ್ಮೆ ಬಾಗಿಲಲ್ಲೇ ನಿಲ್ಲಿಸಿ ವಾಪಸ್ಸು ಕಳಿಸಿದ್ದಳು. ದೂರದ ಹೊಲದಲ್ಲಿ ಔಷಧಿ ಹೊಡೆದ ಗಾಳಿ ಬೀಸಿದರೆ ಒಂದು ಮನೆಯ ಹುಳುವೆಲ್ಲ ಮಲಗಿಬಿಡುವುದನ್ನು ಕಂಡವಳು ಅವಳು. ಅವಳಿಗೆ ಆಸಿಡ್ ಬಿಡಿ ಎಂದು ಫೋನಿನಲ್ಲಿ ಹೇಳುವವನು, ಎಷ್ಟು ಬಿಡಬೇಕು, ಬಿಟ್ಟ ಮೇಲೆ ಎಷ್ಟು ದಿನ ಸೊಪ್ಪು ಕೊಯ್ಯಬಾರದು, ಹುಳುವಿಗೆ ಏನಾಗುತ್ತದೆ ಎಂಬುದನ್ನೂ ಹೇಳಬೇಕಲ್ಲವೇ? ಅವನು ಹೇಳದಿದ್ದರೆ ಹೇಳಬೇಕಾದವರು ಯಾರು?

ಈ ಪ್ರಶ್ನೆಯನ್ನು ಹಿಡಿದು ನಾನೂ ದೊಡ್ಡಮ್ಮನೂ ಮೈಸೂರಿನಲ್ಲಿ ಎರಡು ಕಚೇರಿಗಳ ಮೆಟ್ಟಿಲು ಹತ್ತಿದೆವು. ಅವುಗಳ ಹೆಸರು ಇಲ್ಲಿ ಬೇಡ. ದೊಡ್ಡಮ್ಮ ಒಂದನ್ನು ಪೈಪಿನ ಕಚೇರಿ ಎಂದೂ ಇನ್ನೊಂದನ್ನು ಹುಳುವಿನ ಕಚೇರಿ ಎಂದೂ ಕರೆಯುತ್ತಿದ್ದಳು. ಅವಳು ಊರಿನಿಂದ ಮೊದಲ ಬಸ್ಸಿಗೆ ಹೊರಡುತ್ತಿದ್ದಳು. ನಾನು ಅತಿಥಿ ಉಪನ್ಯಾಸಕಿಯಾಗಿದ್ದ ಕಾಲೇಜಿನಲ್ಲಿ ಬೆಳಗಿನ ತರಗತಿ ಮುಗಿಸಿ ಬಂದು ಅವಳನ್ನು ಸೇರಿಕೊಳ್ಳುತ್ತಿದ್ದೆ. ಪೈಪಿನ ಕಚೇರಿಯವರು ಹುಳುವಿನ ಸಂಗತಿ ತಮಗೆ ಸಂಬಂಧಿಸಿದ್ದಲ್ಲ ಎಂದರು. ಹುಳುವಿನ ಕಚೇರಿಯವರು ಪೈಪಿಗೆ ಏನು ಬಿಡಬೇಕೆಂಬುದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಇಬ್ಬರೂ ಮರ್ಯಾದೆಯಿಂದಲೇ ಮಾತನಾಡಿದರು. ಇಬ್ಬರೂ ಕುಳಿತುಕೊಳ್ಳಿ ಎಂದರು. ಜಗಳವಾಡಲು ಸಿದ್ಧವಾಗಿ ಹೋದ ನನಗೆ ಆ ಮರ್ಯಾದೆಯೇ ಹೆಚ್ಚು ದಣಿವು ತಂದಿತು. ಬೈದವರಿಗೆ ಬೈಯಬಹುದು, ಕುರ್ಚಿ ಕೊಟ್ಟವರಿಗೆ ಏನೆನ್ನುವುದು?

ಮೂರನೆಯ ಭೇಟಿಗೆ ದೊಡ್ಡಮ್ಮ ಬುತ್ತಿ ಕಟ್ಟಿಕೊಂಡು ಬಂದಳು. ಕಚೇರಿಯ ಆವರಣದ ಮರದ ಕೆಳಗೆ ಕುಳಿತು ರೊಟ್ಟಿ ತಿನ್ನುವಾಗ ಹೇಳಿದಳು: "ನಾನೀಗ ಒಲುಕ್ಕಿಂತ ಇಲ್ಲೇ ಜಾಸ್ತಿ ಗೇಯ್ತಿವ್ನಿ ಕಣವ್ವ. ಇಲ್ಲೇನಾರ ಚಿಗುರ್‌ತದಾ ನೋಡು."

ಏನೂ ಚಿಗುರಲಿಲ್ಲ. ಅಷ್ಟು ದಿನಗಳಲ್ಲಿ ನಾನು ಲಿಖಿತ ದೂರು ಸಿದ್ಧಪಡಿಸಿದ್ದೆ. ಕಂಪನಿ ಬಂದು ಪೈಪುಗಳನ್ನು ಶುದ್ಧಗೊಳಿಸಬೇಕು ಇಲ್ಲವೇ ಬದಲಿಸಬೇಕು, ಏಕೆಂದರೆ ನಿರ್ವಹಣೆಯ ಅವಧಿ ಇನ್ನೂ ಮುಗಿದಿಲ್ಲ ಎಂಬುದು ಅದರ ಸಾರ. ಜೊತೆಗೆ ನಮ್ಮ ಕಡತದ ಪ್ರತಿಯನ್ನೂ ಕೇಳಿದ್ದೆ. ನಾಲ್ಕನೆಯ ಭೇಟಿಯಲ್ಲಿ, ಪೈಪಿನ ಕಚೇರಿಯಲ್ಲಿ ನಮ್ಮ ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರು ಅದನ್ನು ಹುಡುಕಿ ತೆಗೆದು ನಮ್ಮೆದುರು ಬಿಡಿಸಿದರು. ನಿವೃತ್ತಿಗೆ ಹತ್ತಿರವಾದ, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುವ ಮನುಷ್ಯ ಅವರು. ಒಬ್ಬರೇ ಮೂರು ಮೇಜಿನ ಕೆಲಸ ಮಾಡುತ್ತಿದ್ದರು.

ಆ ಕಡತದಲ್ಲಿ ನನಗೆ ಎರಡು ಸಂಗತಿಗಳು ಸಿಕ್ಕವು. ಅಂದಾಜು ಪಟ್ಟಿಯಲ್ಲಿ ಎರಡು ಫಿಲ್ಟರುಗಳಿದ್ದವು, ಮರಳು ತಡೆಯುವುದೊಂದು, ಜಾಲರಿಯದೊಂದು. ಹೊಲದಲ್ಲಿ ಇದ್ದದ್ದು ಜಾಲರಿಯದು ಮಾತ್ರ. ಇನ್ನೊಂದು ಹಾಳೆ ನೀರಿನ ಪರೀಕ್ಷಾ ವರದಿ. ಬೋರಿನ ನೀರು ಹನಿ ನೀರಾವರಿಗೆ ಯೋಗ್ಯವಾಗಿದೆ ಎಂದು ಅದರಲ್ಲಿ ಬರೆದಿತ್ತು.

ನಾನು ಅದನ್ನು ಓದಿ ಹೇಳಿದಾಗ ದೊಡ್ಡಮ್ಮ ಮುಂದಕ್ಕೆ ಬಾಗಿದಳು. "ನಮ್ ಬೋರಿನ್ ನೀರ ಯಾವಾಗ ಇಸ್ಕಂಡ್ ಓದ್ರಿ ಸ್ವಾಮಿ? ಒಂದ್ ಸೀಸ ತುಂಬ್ಕೊಡಿ ಅಂತ ಯಾರೂ ಕೇಳ್ಳಿಲ್ವಲ್ಲ."

"ಅದು ಕಂಪನಿಯವ್ರು ಕೊಟ್ಟಿರೋದಮ್ಮ. ನಾವು ಲಗತ್ತು ಇದ್ಯಾ ಇಲ್ವಾ ಅಂತ ನೋಡ್ತೀವಿ, ಅಷ್ಟೇ."

"ಅಂದ್ರೆ ಕಾಗ್ದ ಇದ್ರಾಯ್ತು, ನೀರ್ ಎಂಗಿದ್ರೂ ಸೈ."

ನಾನು ಆ ಕ್ಷಣಕ್ಕಾಗಿಯೇ ಕಾದಿದ್ದವಳಂತೆ ದನಿಯೇರಿಸಿದೆ. ಪರೀಕ್ಷೆ ಮಾಡದ ನೀರಿಗೆ ವರದಿ ಕೊಟ್ಟವರು ಯಾರು, ಹಾಕದ ಫಿಲ್ಟರನ್ನು ಹಾಕಿದೆ ಎಂದು ಒಪ್ಪಿಕೊಂಡವರು ಯಾರು, ಸ್ಥಳ ತನಿಖೆ ನಡೆಸಿದವರ ಹೆಸರೇನು ಎಂದು ಒಂದರ ಹಿಂದೆ ಒಂದು ಕೇಳಿದೆ. ಅಕ್ಕಪಕ್ಕದ ಮೇಜಿನವರು ತಲೆಯೆತ್ತಿದರು. ವಿಷಯ ನಿರ್ವಾಹಕರು ಅಡ್ಡ ಮಾತನಾಡಲಿಲ್ಲ. ಕಡತದ ಹಾಳೆಗಳನ್ನು ಮಗುಚಿ, ಒಂದು ಪುಟವನ್ನು ನನ್ನ ಕಡೆಗೆ ತಿರುಗಿಸಿ ಇಟ್ಟರು.

"ಇದನ್ನ ನೋಡಿ ಮೇಡಂ. ಎಷ್ಟು ಸಮವಾಗಿ ನೀರು ಬಿದ್ದಿದೆ. ಮೇಲಿನವ್ರು ಕೇಳೋದು ಇದನ್ನೇ. ಬರಹನೂ ತುಂಬಾ ಚೆನ್ನಾಗಿದೆ. ಯಾರು ಬರೆದದ್ದು?"

ದೊಡ್ಡಮ್ಮ ಪೈಪಿನ ಪಕ್ಕದಲ್ಲಿ, ತಲೆಯ ಮೇಲೆ ಸೆರಗು ಹೊದ್ದು, ಬಿಸಿಲಿಗೆ ಕಣ್ಣು ಕಿರಿದಾಗಿಸಿ ನಿಂತಿದ್ದಳು. ಅವಳ ಪಾದಗಳ ಬಳಿಯಿಂದ ಹಿಂದಕ್ಕೆ ಮೂರು ಸಾಲು ಕಪ್ಪು ವೃತ್ತಗಳು. ಕೆಳಗೆ ನನ್ನ ದುಂಡಗಿನ ಅಕ್ಷರ. ಕೆಳಗೆ ನನ್ನ ರುಜು.

ಅದುವರೆಗೆ ನನಗೆ ಆ ದಿನ ನೆನಪಾಗಿರಲಿಲ್ಲ ಎಂದರೆ ಓದುವವರು ನಂಬಲಿಕ್ಕಿಲ್ಲ. ನೆನಪಿತ್ತು. ಆದರೆ ನೆನಪಿನಲ್ಲಿ ಇದ್ದದ್ದು ಒಂದು ಪೂಜೆಯ ದಿನ, ಒಬ್ಬ ದಣಿದ ಮನುಷ್ಯನಿಗೆ ಮಾಡಿದ ಉಪಕಾರ, ಮಜ್ಜಿಗೆಯ ಲೋಟ. ಅದು ಸಾಕ್ಷ್ಯವಾಗಿ ಇಲ್ಲಿ ಕುಳಿತಿರಬಹುದು ಎಂದು ನನಗೆ ಹೊಳೆದಿರಲಿಲ್ಲ. ಅಂದು ನಾವು ಕರೆಂಟಿಗೆ ಕಾದು ನೀರು ಬಿಟ್ಟು ನೋಡಿದ್ದರೆ ಬೋರಿನಿಂದ ಬರುವ ಮರಳು ಅಂದೇ ಕಾಣುತ್ತಿತ್ತು. ಎರಡನೆಯ ಫಿಲ್ಟರ್ ಎಲ್ಲಿ ಎಂದು ಫಿಟ್ಟರನ್ನು ಅಂದೇ ಕೇಳಬಹುದಿತ್ತು. ನಾನು ಕೇಳಲಿಲ್ಲ. ಅಂದಾಜು ಪಟ್ಟಿ ಅಂದು ನನ್ನ ಕೈಯಲ್ಲೇ ಇತ್ತು, ಓದಿ ಹೇಳುವುದಕ್ಕೆಂದೇ ನನ್ನನ್ನು ಕರೆಸಿದ್ದರು.

ಆ ದಿನ ನಾವು ಹಾಗೆಯೇ ಹೊರಬಂದೆವು. ಮನೆಯಲ್ಲಿ ಅಮ್ಮ ಎಲ್ಲವನ್ನೂ ಕೇಳಿ, "ನಿನ್ನ ಓದಿಸಿದ್ದು ಇದಕ್ಕೇನಾ?" ಎಂದಳು. ಕೋಪದಿಂದಲ್ಲ, ಬೇಸರದಿಂದ. ದೊಡ್ಡಮ್ಮ ನನ್ನ ಪರ ನಿಂತಳು. "ನಾನ್ ನೀರ್ ಉಯ್ದೆ, ಅವ್ಳು ಬರುದ್ಲು. ಉಯ್ಯದೇ ಇದ್ದಿದ್ರೆ ಅವ್ಳೇನ್ ಬರೀತಿದ್ಲು?"

ಎರಡು ದಿನ ಕುಳಿತು ನಾನು ಒಂದು ಹೇಳಿಕೆ ಬರೆದೆ. ಈ ಬಾರಿ ಗಾಂಭೀರ್ಯಕ್ಕಾಗಿ ಏನನ್ನೂ ಸೇರಿಸಲಿಲ್ಲ. ಆ ದಿನ ಕರೆಂಟ್ ಇರಲಿಲ್ಲ, ಪೈಪಿನಲ್ಲಿ ನೀರು ಬಿಡಲಿಲ್ಲ, ಚಿತ್ರದಲ್ಲಿ ಕಾಣುವುದು ಬಿಂದಿಗೆಯಿಂದ ಸುರಿದ ನೀರು, ಚಿತ್ರ ತೆಗೆದವಳೂ ದೃಢೀಕರಣ ಬರೆದವಳೂ ನಾನು, ತೆಗೆಯಲು ಹೇಳಿದವನು ಕಂಪನಿಯ ಫಿಟ್ಟರ್. ಹಾಗಾಗಿ ಆ ಚಿತ್ರವನ್ನು ಆಧಾರವಾಗಿ ಇಟ್ಟುಕೊಳ್ಳದೆ ಸ್ಥಳಕ್ಕೆ ಬಂದು ನೀರನ್ನೂ ಫಿಲ್ಟರನ್ನೂ ಪರೀಕ್ಷಿಸಬೇಕು ಎಂದು ಕೋರಿದೆ. ಕೊನೆಯಲ್ಲಿ ಆಸಿಡ್ಡಿನ ಪ್ರಶ್ನೆಯನ್ನೂ ಬರೆದೆ.

ಅದನ್ನು ಒಯ್ದ ದಿನವೇ ಚಾಕಿ ಕೇಂದ್ರಕ್ಕೆ ಉತ್ತರ ಹೇಳಬೇಕಾದ ದಿನವೂ ಆಗಿತ್ತು. ವಿಷಯ ನಿರ್ವಾಹಕರು ಹೇಳಿಕೆಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು.

"ಮೇಡಂ, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ. ಇದನ್ನ ಟಪಾಲಿಗೆ ಕೊಟ್ರೆ ಮೊದ್ಲು ನೋಟಿಸ್ ಬರೋದು ಕಂಪನಿಗಲ್ಲ, ಅಮ್ಮನಿಗೆ. ಫಲಾನುಭವಿ ಸುಳ್ಳು ದಾಖಲೆ ಕೊಟ್ಟಿದ್ದಾರೆ ಅಂತ. ತನಿಖೆಯವ್ರು ಬರ್ತಾರೆ, ನೋಡ್ತಾರೆ, ಆದ್ರೆ ಶುರು ಮಾಡೋದು ನಿಮ್ಮಿಂದ."

"ಸುಳ್ಳು ವರದಿ ಕೊಟ್ಟ ಕಂಪನಿಯಿಂದ ಯಾಕೆ ಶುರು ಮಾಡಬಾರದು ಸಾರ್?"

"ಅವ್ರು ತಪ್ಪು ಒಪ್ಕೊಂಡಿಲ್ವಲ್ಲ ಮೇಡಂ."

ಅವರು ವ್ಯಂಗ್ಯವಾಡಲಿಲ್ಲ. ಕಚೇರಿಯ ರೀತಿ ಏನೆಂಬುದನ್ನು ತಿಳಿಸಿದರು. ಒಪ್ಪಿಕೊಂಡವರು ಮೊದಲು, ಒಪ್ಪದವರು ಆಮೇಲೆ ಎಂಬ ಈ ಸರತಿಯನ್ನು ಯಾವ ನಿಯಮದಲ್ಲೂ ಬರೆದಿಲ್ಲ. ಬರೆದಿಲ್ಲದ್ದರಿಂದಲೇ ಅದನ್ನು ಯಾರೂ ಪ್ರಶ್ನಿಸಲಾರರು. ನಾನು ಇಲ್ಲಿ ಪ್ರಶ್ನಿಸುತ್ತಿದ್ದೇನೆ.

ನಾನು ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡೆ. ನನ್ನೊಬ್ಬಳ ವಿಷಯವಾಗಿದ್ದರೆ ಕೊಟ್ಟುಬಿಡುತ್ತಿದ್ದೆ ಎಂದು ಹೇಳಿಕೊಳ್ಳುವುದು ಸುಲಭ. ಜಮೀನು ಅವಳದು, ನೋಟಿಸ್ ಬರುವುದು ಅವಳ ಬಾಗಿಲಿಗೆ, ಊರಿನಲ್ಲಿ ನಾಲ್ಕು ಜನ ಓದುವುದು ಅವಳ ಹೆಸರನ್ನು. ನಾನು ದೊಡ್ಡಮ್ಮನ ಮುಖ ನೋಡಿದೆ.

ಅವಳು ವಿಷಯ ನಿರ್ವಾಹಕರನ್ನು ಕೇಳಿದಳು: "ಸ್ವಾಮಿ, ಇದ ಕೊಡ್ದೇ ಓದ್ರೆ ಯಾರಾರ ಬಂದು ಪೈಪ್ ನೋಡ್ತಾರಾ?"

"ಇಲ್ಲಮ್ಮ. ಕಡತದಲ್ಲಿ ಎಲ್ಲಾ ಸರಿ ಇದೆಯಲ್ಲ."

"ಕೊಟ್ರೆ ಯುಗಾದಿ ಒಳ್ಗೆ ಬತ್ತಾರಾ?"

"ಅದು... ಆಗಲ್ಲಮ್ಮ. ಸಮಯ ಹಿಡಿಯುತ್ತೆ."

ದೊಡ್ಡಮ್ಮ ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಮೇಜಿನ ಮೇಲೆ ಹರಡಿ, "ನಾನೂ ಒಂದ್ ರುಜು ಆಕ್ತೀನಿ, ಪೆನ್ ಕೊಡು ಮಗ," ಎಂದಳು. "ನೀರ್ ಉಯ್ದೋಳು ನಾನು. ಬರೀ ನಿಂದೊಬ್ಳುದೇ ಇದ್ರೆ ಅವ್ಳ್ಯಾರೋ ಸಿಟಿಯೋಳು ಏನೋ ಬರ್ಕೊಂಡವ್ಳೆ ಅಂತಾರೆ."

"ನೋಟಿಸ್ ಬರುತ್ತೆ ದೊಡ್ಡಮ್ಮ."

"ಬರ್ಲಿ. ಅದ್ನೂ ನೀನೇ ಓದೇಳು. ಈ ಸಲ ಪೂರ್ತಿ ಓದು."

ಅದಕ್ಕಿಂತ ಹೆಚ್ಚಾಗಿ ಅವಳು ನನ್ನನ್ನು ಎಂದೂ ಬೈದಿಲ್ಲ. ರುಜು ಹಾಕಿ ಮುಗಿಸಿದಳು. ಟಪಾಲು ಮೇಜಿನವರು ಪ್ರತಿಗೆ ಮೊಹರು ಒತ್ತಿ ಕೊಟ್ಟರು.

ಸಬರ್ಬನ್ ಬಸ್ ನಿಲ್ದಾಣದವರೆಗೆ ನಡೆದೇ ಹೋದೆವು. ಬಿಸಿಲು ಜೋರಾಗಿತ್ತು. ದಾರಿಯಲ್ಲೊಂದು ಕಡೆ ಅಂಗಡಿಯವರೊಬ್ಬರು ಮುಂದಿನ ಧೂಳು ಅಡಗಲೆಂದು ಪೈಪು ಹಿಡಿದು ರಸ್ತೆಗೆ ನೀರು ಹೊಡೆಯುತ್ತಿದ್ದರು. ದೊಡ್ಡಮ್ಮ ಸೀರೆ ಒದ್ದೆಯಾಗದಂತೆ ಎತ್ತಿ ಹಿಡಿದು ದಾಟಿದಳು. ನಾನೂ ಹಿಂದೆಯೇ ದಾಟಿದೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಕಲ್ಲಿನ ಬೆಂಚಿನ ಮೇಲೆ ಕುಳಿತು ಅವಳು ಚಾಕಿ ಕೇಂದ್ರದವನಿಗೆ ಫೋನ್ ಮಾಡಿದಳು. ಗದ್ದಲದಲ್ಲಿ ಕೇಳಿಸಲೆಂದು ಒಂದು ಕಿವಿ ಮುಚ್ಚಿಕೊಂಡಿದ್ದಳು.

"ಊಂ ಕಣಪ್ಪ, ನಾನೇ. ಈ ಸಲ ನಂಗೆ ಉಳ ಬ್ಯಾಡ. ಸೊಪ್ಪಿಲ್ಲ... ಇಲ್ಲ, ಅರ್ಧನೂ ಬ್ಯಾಡ. ಅರ್ಧ ತಂದು ಅವನ್ನ ಅಸ್ಕಂಡ್ ಇರ್ಸದಾ? ಬ್ಯಾಡ ಬುಡು. ನನ್ ಪಾಲಿಂದು ಬೇರೆಯೋರ್ಗೆ ಕೊಟ್ಬುಡು... ಯಾಕೂ ಇಲ್ಲ, ಸೊಪ್ಪಿಲ್ಲ ಅಷ್ಟೆಯ."

ಫೋನ್ ಇಟ್ಟ ಮೇಲೆ ನಾನು ತಡೆಯಲಾರದೆ ಕೇಳಿದೆ. "ಕಂಪನಿಯವರು ಹೀಗೆ ಮಾಡಿದರು ಅಂತ ಹೇಳಬೇಕಿತ್ತು ದೊಡ್ಡಮ್ಮ. ಫಿಲ್ಟರ್ ಹಾಕಲಿಲ್ಲ, ನೀರು ನೋಡಲಿಲ್ಲ, ಯಾರೂ ಬರಲಿಲ್ಲ ಅಂತ. ಸೊಪ್ಪಿಲ್ಲ ಅಂದರೆ ನೀನೇ ಸರಿಯಾಗಿ ಬೆಳೆಯಲಿಲ್ಲ ಅಂದುಕೊಳ್ಳುತ್ತಾನೆ."

"ಅವನ್ ತಾವ ಏಳಿ ಏನ್ ಮಾಡದವ್ವ? ಪೈಪ್ ಆಕ್ದೋನು ಅವ್ನಾ?"

ಯಾರ ಬಳಿ ಯಾವ ಮಾತು ಹೇಳಬೇಕೆಂಬುದು ಅವಳಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು. ಹೇಳಬೇಕಾದವರ ಮುಂದೆ ಅವಳು ಒಂದು ಗಂಟೆಯ ಹಿಂದೆಯಷ್ಟೇ ರುಜು ಹಾಕಿ ಬಂದಿದ್ದಳು.

ಬಸ್ಸು ಬಂತು. ಕಿಟಕಿಯ ಪಕ್ಕ ಸೀಟು ಹಿಡಿದು ಕುಳಿತ ಅವಳು, ಮುಚ್ಚಿದ ಕಾಲುವೆಗಳಲ್ಲಿ ಮೋಟರಿನ ಹತ್ತಿರದ ನಾಲ್ಕನ್ನು ನಾಳೆಯೇ ಮತ್ತೆ ತೆಗೆಸುವುದಾಗಿ ಹೇಳಿದಳು. ಆ ನಾಲ್ಕು ಸಾಲು ಉಳಿದರೆ ಗಿಡದ ಬೇರಾದರೂ ಉಳಿಯುತ್ತದೆ. ಉಳಿದದ್ದಕ್ಕೆ ಮಳೆ ಬರಬೇಕು. ಹುಳುಮನೆಯನ್ನು ತೊಳೆದು ಬಾಗಿಲು ಹಾಕುತ್ತಾಳಂತೆ.

"ಉಳ ಇಲ್ದಿದ್ಮೇಲೆ ಒಗ್ಗರಣೆ ಆಕ್ಬೌದು ಬುಡು," ಎಂದು ನಕ್ಕಳು. "ನಿಮ್ ದೊಡ್ಡಪ್ಪುಂಗೆ ಕುಸಿ ಆಯ್ತದೆ."

ನಾನು ನಗಲಿಲ್ಲ. ಅವಳು ಅದನ್ನು ಗಮನಿಸಿ, ಕಿಟಕಿಯಿಂದ ಕೈ ಚಾಚಿ ನನ್ನ ಭುಜ ತಟ್ಟಿ, ಹೇಳಿಕೆ ಏನಾಯಿತೆಂದು ಕೇಳಲು ಮುಂದಿನ ಸೋಮವಾರ ಕಚೇರಿಗೆ ತಾನು ಬರಲಾಗುವುದಿಲ್ಲ, ಕಾಲುವೆ ಕೆಲಸವಿದೆ, ನೀನೊಬ್ಬಳೇ ಹೋಗು ಎಂದಳು.

ಹೋದೆ. ಅದರ ಮುಂದಿನ ಸೋಮವಾರವೂ ಹೋದೆ.